ಕಸವೆಂದು ತೆಗೆದ ವಿಳಾಸಗಳು

ಕ್ರಿ.ಶ. 1368ರಲ್ಲಿ, ವಿಜಯನಗರದ ಒಂದನೆಯ ಬುಕ್ಕರಾಯನ ಕಾಲದಲ್ಲಿ, ಜೈನರಿಗೂ ಶ್ರೀವೈಷ್ಣವರಿಗೂ ಉಂಟಾದ ವ್ಯಾಜ್ಯವನ್ನು ತೀರ್ಮಾನಿಸಿದ ಶಾಸನ ಕನ್ನಡ ವಿದ್ಯಾರ್ಥಿಗಳಿಗೆ ಪರಿಚಿತವಾದದ್ದೇ. ಆ ತೀರ್ಮಾನವನ್ನು ಹೇಳುವ ಒಂದು ಕಲ್ಲು ಶ್ರವಣಬೆಳಗೊಳದಲ್ಲಿದೆ, ಇನ್ನೊಂದು ಮಾಗಡಿ ತಾಲೂಕಿನ ಕಲ್ಯದಲ್ಲಿದೆ. ಅರಸನಲ್ಲಿ ಮೊರೆಯಿಟ್ಟ ಜೈನರು ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಪಟ್ಟಣಗಳವರು ಎಂದು ಬೆಳಗೊಳದ ಶಾಸನ ಹೇಳುತ್ತದೆ. ಆ ಕಲ್ಲೆಹವೇ ಇಂದಿನ ಕಲ್ಯ. ಈ ಒಂದು ಸಮೀಕರಣವನ್ನು ಅರಿಯದವನು ಭೂಪಟವನ್ನೆಲ್ಲ ತಡಕಿ ಬರಿಗೈಯಲ್ಲಿ ಹಿಂತಿರುಗಬೇಕಾಗುತ್ತದೆ.

ಇಂಥ ಸಮೀಕರಣಗಳನ್ನೇ ಹದಿನೈದು ವರ್ಷಗಳ ಕಾಲ ಕೂಡಿಟ್ಟ ಕನ್ನಡ ಅಧ್ಯಾಪಕರೊಬ್ಬರು ರಾಮನಗರದಲ್ಲಿದ್ದಾರೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕು ತಾಲೂಕುಗಳ ಹಳ್ಳಿಗಳಲ್ಲಿ ರಜೆಯ ದಿನಗಳನ್ನು ಕಳೆದು, ಜಗುಲಿಯ ಮೇಲೆ ಕುಳಿತ ಹಿರಿಯರನ್ನು ಮಾತಿಗೆಳೆದು, ಹಾಳೂರಿನ ಹೆಸರು, ಹೊಲದ ಹೆಸರು, ಕೆರೆಯ ಹೆಸರುಗಳನ್ನು ಬರೆದುಕೊಂಡು ಬಂದವರು ಅವರು. ಬರೆದುಕೊಂಡದ್ದನ್ನೆಲ್ಲ ತಮ್ಮ ಗಣಕಯಂತ್ರದಲ್ಲಿ ಒಂದು ಪಟ್ಟಿಯಾಗಿ ಹೊಂದಿಸಿದ್ದರು. ಆ ಗಣಕ ನಿಧಾನವಾಯಿತು. ಬೆಳಿಗ್ಗೆ ಗುಂಡಿ ಒತ್ತಿ ಹೋದವರು ಸ್ನಾನ ಮುಗಿಸಿ, ಪತ್ರಿಕೆಯ ಎರಡು ಪುಟ ಓದಿ ಬಂದರೂ ಪರದೆಯ ಮೇಲಿನ ಸಣ್ಣ ವೃತ್ತ ಸುತ್ತುತ್ತಲೇ ಇರುತ್ತಿತ್ತು. ವಿಂಡೋಸ್ 7ರ ಕಾಲದಲ್ಲಿ ಕೊಂಡ ಯಂತ್ರ. ಬಳಿಕ ಅದರ ಮೇಲೆ ವಿಂಡೋಸ್ 10 ಬಂದು ಕುಳಿತಿತ್ತು. ರಿಜಿಸ್ಟ್ರಿಯಲ್ಲಿ ಕಸ ತುಂಬಿದೆ, ಶುಚಿಗೊಳಿಸುವ ತಂತ್ರಾಂಶ ಹಾಕಿದರೆ ಹೊಸದರಂತೆ ಓಡುತ್ತದೆ ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ಯಾವ ತಂತ್ರಾಂಶ ಒಳ್ಳೆಯದೆಂದು ಅಧ್ಯಾಪಕರು ಹುಡುಕತೊಡಗಿದರು.

ರಿಜಿಸ್ಟ್ರಿ ಎಂದರೆ ಏನು ಎಂಬುದನ್ನು ಮೊದಲು ನೋಡಬೇಕು. ವಿಂಡೋಸಿನ ಆರಂಭದ ಆವೃತ್ತಿಗಳಲ್ಲಿ ಒಂದೊಂದು ತಂತ್ರಾಂಶವೂ ತನ್ನ ವ್ಯವಸ್ಥೆಯ ವಿವರಗಳನ್ನು ಬಿಡಿಬಿಡಿಯಾದ ಸಣ್ಣ ಕಡತಗಳಲ್ಲಿ ಬರೆದಿಡುತ್ತಿತ್ತು. 1992ರ ವಿಂಡೋಸ್ 3.1ರಲ್ಲಿ ಒಂದು ಚಿಕ್ಕ ನೋಂದಣಿ ಪುಸ್ತಕ ಕಾಣಿಸಿಕೊಂಡಿತು. 1995ರ ವಿಂಡೋಸ್ 95ರಲ್ಲಿ ಅದೇ ಇಡೀ ವ್ಯವಸ್ಥೆಯ ದಫ್ತರವಾಯಿತು. ಯಾವ ಬಗೆಯ ಕಡತವನ್ನು ಯಾವ ತಂತ್ರಾಂಶ ತೆರೆಯಬೇಕು, ಯಂತ್ರ ಏಳುವಾಗ ಯಾವುದು ತಾನಾಗಿ ಚಾಲನೆಗೊಳ್ಳಬೇಕು, ಯಾವ ಅಕ್ಷರಶೈಲಿ ಯಾವ ಜಾಗದಲ್ಲಿದೆ, ಇವೆಲ್ಲವೂ ಅದರಲ್ಲಿ ನಮೂದಾಗಿರುತ್ತವೆ. ಅಲ್ಲಿ ಇರುವುದು ಬಹುಮಟ್ಟಿಗೆ ವಸ್ತುವಲ್ಲ, ವಸ್ತುವಿನ ವಿಳಾಸ. ತಂತ್ರಾಂಶವೊಂದನ್ನು ತೆಗೆದುಹಾಕಿದಾಗ ಅದರ ಕೆಲವು ನಮೂದುಗಳು ಹಾಗೇ ಉಳಿದುಬಿಡುವುದುಂಟು; ಮನೆ ಬಿದ್ದರೂ ವಿಳಾಸ ಉಳಿದಂತೆ. ಕ್ಲೀನರ್ ಎಂಬ ತಂತ್ರಾಂಶಗಳು ಕಸ ಎನ್ನುವುದು ಇವನ್ನೇ.

ಈ ಉಳಿಕೆಗಳಿಂದ ಯಂತ್ರ ನಿಧಾನವಾಗುತ್ತದೆಯೇ? ರಿಜಿಸ್ಟ್ರಿಯನ್ನು ಯಂತ್ರ ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಓದುವುದಿಲ್ಲ. ಅದು ಕೊಂಬೆಗೆ ಕೊಂಬೆ ಒಡೆದ ಮರದ ರಚನೆ. ಬೇಕಾದ ನಮೂದಿನ ಹಾದಿ ಹಿಡಿದು ನೇರವಾಗಿ ಅಲ್ಲಿಗೇ ಹೋಗುತ್ತದೆ. ನಿಘಂಟಿನಲ್ಲಿ 'ಮ' ಕಾರದ ಪದ ಹುಡುಕುವವನಿಗೆ 'ಅ' ಕಾರದಲ್ಲಿ ಬಳಕೆ ತಪ್ಪಿದ ಪದಗಳಿದ್ದರೆ ತಡವಾಗುವುದಿಲ್ಲವಷ್ಟೆ. ಲಕ್ಷಾಂತರ ನಮೂದುಗಳಲ್ಲಿ ಕೆಲವು ನೂರನ್ನು ಕಿತ್ತರೆ ವೇಗ ಹೆಚ್ಚುವುದಿಲ್ಲ. ವಿಂಡೋಸಿನ ಒಳರಚನೆಯನ್ನು ಆಳವಾಗಿ ಬಲ್ಲ ಮಾರ್ಕ್ ರಸಿನೋವಿಚ್ ಇದನ್ನು 2005ರಲ್ಲಿಯೇ ಬರೆದರು. ರಿಜಿಸ್ಟ್ರಿ ಎಷ್ಟು ಉಬ್ಬಿದ್ದರೂ ಅದನ್ನು ಇಡಿಯಾಗಿ ಶೋಧಿಸುವ ಕೆಲಸವೊಂದನ್ನು ಬಿಟ್ಟರೆ ಬೇರೆಯದಕ್ಕೆ ಹೇಳಿಕೊಳ್ಳುವಂಥ ಬಾಧೆಯಿಲ್ಲ ಎಂಬುದು ಅವರ ಅಭಿಪ್ರಾಯ. ಮರುವರ್ಷವೇ ಅವರ ಸಂಸ್ಥೆಯನ್ನು ಮೈಕ್ರೋಸಾಫ್ಟ್ ಕೊಂಡಿತು. ಆ ಮೈಕ್ರೋಸಾಫ್ಟ್ ಕೂಡ ಹಿಂದೆ 'ರೆಗ್‌ಕ್ಲೀನ್' ಎಂಬ ಉಪಕರಣವನ್ನು ತಾನೇ ನೀಡಿ ಬಳಿಕ ಹಿಂತೆಗೆದುಕೊಂಡದ್ದುಂಟು. ಈಗ ಅದರ ನಿಲುವು ಸ್ಪಷ್ಟ: ರಿಜಿಸ್ಟ್ರಿ ಶುಚಿಗೊಳಿಸುವ ತಂತ್ರಾಂಶಗಳ ಬಳಕೆಯನ್ನು ತಾನು ಬೆಂಬಲಿಸುವುದಿಲ್ಲ, ಅವುಗಳಿಂದ ಕೆಟ್ಟದ್ದನ್ನು ಸರಿಪಡಿಸಿಕೊಡುವ ಭರವಸೆಯೂ ಇಲ್ಲ.

ಇವೆಲ್ಲ ಅಧ್ಯಾಪಕರಿಗೆ ಆಮೇಲೆ ತಿಳಿದ ಸಂಗತಿಗಳು. ಆಗ ಅವರು ಮಾಡಿದ್ದು ಬೇರೆ. ಉಚಿತವಾಗಿ ದೊರೆಯುವ ಮೂರು ತಂತ್ರಾಂಶಗಳನ್ನು ಇಳಿಸಿಕೊಂಡು ಒಂದಾದ ಮೇಲೊಂದರಂತೆ ತಪಾಸಣೆ ನಡೆಸಿದರು. ಒಂದಕ್ಕೆ ನೂರರೊಳಗೆ ದೋಷಗಳು ಸಿಕ್ಕವು, ಇನ್ನೊಂದಕ್ಕೆ ಕೆಲವು ನೂರು, ಮತ್ತೊಂದಕ್ಕೆ ಸಾವಿರಕ್ಕೂ ಮೇಲೆ. ಯಂತ್ರ ಅದೇ, ಗಳಿಗೆಯೂ ಹೆಚ್ಚುಕಡಿಮೆ ಅದೇ. ಹಸ್ತಪ್ರತಿಗಳನ್ನು ತಾಳೆ ನೋಡಿ ಬಲ್ಲ ಕಣ್ಣಿಗೆ ಇಷ್ಟರಲ್ಲೇ ಅನುಮಾನ ಹುಟ್ಟಬೇಕಾಗಿತ್ತು. ಒಂದೇ ಪದ್ಯದಲ್ಲಿ ಮೂವರು ಲಿಪಿಕಾರರು ಮೂರು ಕಡೆ ತಪ್ಪು ತೋರಿಸಿದರೆ ಸಂಪಾದಕನು ಪದ್ಯವನ್ನಲ್ಲ, ಲಿಪಿಕಾರರನ್ನು ಶಂಕಿಸುತ್ತಾನೆ. ಡಿ. ಎಲ್. ನರಸಿಂಹಾಚಾರ್ಯರ 'ಕನ್ನಡ ಗ್ರಂಥ ಸಂಪಾದನೆ'ಯನ್ನು ತರಗತಿಯಲ್ಲಿ ಪಾಠ ಹೇಳಿದವರು ಅವರು. ಆದರೂ ಸಾವಿರಕ್ಕೂ ಹೆಚ್ಚು ದೋಷ ತೋರಿಸಿದ ತಂತ್ರಾಂಶವನ್ನೇ ಆರಿಸಿದರು. ಹೆಚ್ಚು ರೋಗ ಹೇಳಿದ ವೈದ್ಯನೇ ಹೆಚ್ಚು ಬಲ್ಲವನೆಂದು ತೋರುವುದು ಲೋಕರೂಢಿಯೇ ಇರಬೇಕು.

ಈ ದೋಷಗಣನೆಯ ಬಗ್ಗೆ ಒಂದು ಮಾತು. ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2019ರಲ್ಲಿ ಆಫೀಸ್ ಡಿಪೊ ಮತ್ತು ಸಪೋರ್ಟ್.ಕಾಮ್ ಸಂಸ್ಥೆಗಳೊಡನೆ ಒಂದು ಪ್ರಕರಣವನ್ನು ಇತ್ಯರ್ಥಗೊಳಿಸಿತು. ಗ್ರಾಹಕರ ಗಣಕಗಳ ಆರೋಗ್ಯ ತಪಾಸಣೆ ಎಂಬ ಹೆಸರಿನಲ್ಲಿ ನಡೆಯುತ್ತಿದ್ದ ಕಾರ್ಯಕ್ರಮ ಅದು. ಆರಂಭದಲ್ಲಿ ಕೇಳುವ ನಾಲ್ಕು ಪ್ರಶ್ನೆಗಳಲ್ಲಿ ಯಾವುದಾದರೊಂದಕ್ಕೆ ಹೌದು ಎಂದು ಗುರುತು ಹಾಕಿದರೆ ಸಾಕು, ತಪಾಸಣೆಯಲ್ಲಿ ಏನು ಸಿಗಲಿ ಬಿಡಲಿ, ಫಲಿತಾಂಶದಲ್ಲಿ ರೋಗಲಕ್ಷಣ ಕಾಣುತ್ತಿತ್ತು ಎಂಬುದು ಆರೋಪ. ಆ ನಾಲ್ಕರಲ್ಲಿ ಒಂದು, ಗಣಕ ನಿಧಾನವಾಗಿದೆಯೇ ಎಂಬುದು. ಎರಡೂ ಸಂಸ್ಥೆಗಳು ಸೇರಿ 3.5 ಕೋಟಿ ಡಾಲರ್ ಕೊಡಲು ಒಪ್ಪಿದವು. ಶುಚಿಗೊಳಿಸುವ ತಂತ್ರಾಂಶವೇ ಮಲಿನವಾದ ನಿದರ್ಶನವೂ ಇದೆ. 2017ರ ಆಗಸ್ಟ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ ಸಿಸಿಕ್ಲೀನರ್ ತಂತ್ರಾಂಶದ 5.33ನೆಯ ಆವೃತ್ತಿಯೊಳಗೆ ಯಾರೋ ದುಷ್ಟ ಸಂಕೇತವನ್ನು ಸೇರಿಸಿಬಿಟ್ಟಿದ್ದರು. ಅದು ಸುಮಾರು 22 ಲಕ್ಷ 70 ಸಾವಿರ ಗಣಕಗಳನ್ನು ತಲುಪಿತ್ತು.

ರಾಮನಗರದ ಪ್ರಸಂಗದಲ್ಲಿ ಇಂಥ ವಂಚನೆಯಾಗಲಿ ವೈರಸ್ಸಾಗಲಿ ಇರಲಿಲ್ಲ. ತಂತ್ರಾಂಶ ತಾನು ಹೇಳಿದ್ದನ್ನೇ ಮಾಡಿತು. ಪಟ್ಟಿ ತೋರಿಸಿ, ಅಳಿಸುವ ಮುನ್ನ ಒಂದು ಪ್ರತಿ ಉಳಿಸಿಕೊಳ್ಳಬೇಕೇ ಎಂದು ಕೇಳಿತು. ಬೇಡವೆಂದು ಒತ್ತಿದವರು ಅಧ್ಯಾಪಕರೇ. ವಿಂಡೋಸ್ 10 ಹಿಂದೆ ತಾನಾಗಿ ಇಟ್ಟುಕೊಳ್ಳುತ್ತಿದ್ದ ರಿಜಿಸ್ಟ್ರಿಯ ನಕಲನ್ನು 1803ನೆಯ ಆವೃತ್ತಿಯಿಂದ ಈಚೆಗೆ ಇಡುವುದನ್ನು ನಿಲ್ಲಿಸಿದೆ ಎಂಬುದು ಅವರಿಗೆ ತಿಳಿದಿರಲಿಲ್ಲ.

ಅಳಿಸಿಹೋದ ಸಾವಿರದಲ್ಲಿ ಕೆಲವು ಸಾಲುಗಳು ಕನ್ನಡ ಅಕ್ಷರಶೈಲಿಗಳವು. ಅಧ್ಯಾಪಕರು ತಮ್ಮ ಹಳೆಯ ಫಾಂಟುಗಳನ್ನು ಒಂದು ಪೆನ್ ಡ್ರೈವಿನಲ್ಲಿ ಇಟ್ಟುಕೊಂಡಿದ್ದರು. ಮನೆಯ ಗಣಕ, ಕಾಲೇಜಿನ ಗಣಕ, ಅಚ್ಚಿನ ಮನೆಯ ಗಣಕ ಎಲ್ಲಕ್ಕೂ ಅದೇ ಪೆನ್ ಡ್ರೈವ್ ಓಡಾಡುತ್ತಿತ್ತು. ಮನೆಯ ಗಣಕದಲ್ಲಿ ಫಾಂಟನ್ನು ನಕಲಿಸದೆ, ಶಾರ್ಟ್‌ಕಟ್ ಮೂಲಕ ಸ್ಥಾಪಿಸುವ ಆಯ್ಕೆಯನ್ನು ಯಾರೋ ಒತ್ತಿದ್ದರು. ಹಾಗೆ ಮಾಡಿದಾಗ ರಿಜಿಸ್ಟ್ರಿಯಲ್ಲಿ ಫಾಂಟಿನ ವಿಳಾಸವಾಗಿ ನಮೂದಾಗುವುದು ಆ ಪೆನ್ ಡ್ರೈವೇ. ಶುಚಿಕಾರ್ಯ ನಡೆದ ದಿನ ಅದು ಕಾಲೇಜಿನ ಮೇಜಿನ ಮೇಲಿತ್ತು. ತಂತ್ರಾಂಶ ಆ ವಿಳಾಸಕ್ಕೆ ಹೋಗಿ ನೋಡಿತು, ಅಲ್ಲಿ ಏನೂ ಇರಲಿಲ್ಲ, ನಮೂದನ್ನು ಹೊಡೆದುಹಾಕಿತು. ಮನೆಯವರು ಸಂತೆಗೆ ಹೋಗಿದ್ದ ಹೊತ್ತಿನಲ್ಲಿ ಬಾಗಿಲು ಬಡಿದು, ಈ ಮನೆಯಲ್ಲಿ ಯಾರೂ ಇಲ್ಲವೆಂದು ಮತದಾರರ ಪಟ್ಟಿಯಿಂದ ಹೆಸರು ತೆಗೆದ ಹಾಗೆ.

ಫಾಂಟು ಹೋದರೆ ಬರಹ ಹೋಗುತ್ತದೆಯೇ ಎಂಬ ಪ್ರಶ್ನೆ ಇಂದಿನ ವಿದ್ಯಾರ್ಥಿಗಳಿಗೆ ಏಳಬಹುದು. ಯೂನಿಕೋಡಿನಲ್ಲಿ ಬರೆಯುವವರಿಗೆ ಈ ಭಯವಿಲ್ಲ. ಯೂನಿಕೋಡಿನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ಸಂಖ್ಯೆಯಿದೆ. 2001ರ ವಿಂಡೋಸ್ ಎಕ್ಸ್‌ಪಿಯೊಂದಿಗೆ ತುಂಗಾ ಅಕ್ಷರಶೈಲಿಯೂ ಬಂದಿತು. ಆದರೆ 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂದು, ಮುಂದೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂದು ಕನ್ನಡಿಗರು ಗಣಕದಲ್ಲಿ ಬರೆಯಲು ಕಲಿತ ಕಾಲದ ಕಡತಗಳ ಕಥೆ ಬೇರೆ. ಆ ಬಗೆಯ ಕಡತದೊಳಗೆ ಇರುವುದು ರೋಮನ್ ಅಕ್ಷರಗಳೂ ಯೂರೋಪಿನ ಭಾಷೆಗಳ ವಿಶೇಷ ಚಿಹ್ನೆಗಳೂ. ಅವಕ್ಕೆ ಕನ್ನಡದ ವೇಷ ತೊಡಿಸುವುದು ಫಾಂಟು. ವೇಷ ಕಳಚಿದರೆ ನುಡಿಯ 'ನ' ಇದ್ದಲ್ಲಿ ಇಂಗ್ಲೆಂಡಿನ ಪೌಂಡ್ ನಾಣ್ಯದ ಚಿಹ್ನೆ ಕಾಣುತ್ತದೆ, ತಲೆಯ ಮೇಲೆ ಗೆರೆ ಹೊತ್ತ ಅಕ್ಷರಗಳು ಸಾಲುಗಟ್ಟುತ್ತವೆ. ಆದರೂ ಬರಹಕ್ಕೆ ಕುಂದಾಗಿರುವುದಿಲ್ಲ. ಫಾಂಟನ್ನು ಮತ್ತೆ ಸ್ಥಾಪಿಸಿದ ಕ್ಷಣ ಎಲ್ಲವೂ ಕನ್ನಡವಾಗಿ ಏಳುತ್ತದೆ. ಇದನ್ನು ಬಲ್ಲವರಿಗೆ ಅದು ಹತ್ತು ನಿಮಿಷದ ಕೆಲಸ.

ಬಲ್ಲವರು ಆ ದಿನ ಮನೆಯಲ್ಲಿರಲಿಲ್ಲ. ಇಂಜಿನಿಯರಿಂಗ್ ಓದುತ್ತಿದ್ದ ಅಕ್ಕನ ಮಗ ಬಂದಿದ್ದ. ಯಂತ್ರ ಇನ್ನೂ ನಿಧಾನವಾಗಿಯೇ ಇದ್ದುದರಿಂದ ಉಳಿದ ಕಸವನ್ನೂ ತೆಗೆಯಲು ಕುಳಿತ ಅವನಿಗೆ ಒಂದು ಫೋಲ್ಡರಿನ ತುಂಬ ಅರ್ಥವಾಗದ ಚಿಹ್ನೆಗಳ ಕಡತಗಳು ಕಂಡವು. ಅವನ ಶಾಲೆಯ ದಿನಗಳಿಂದಲೂ ಅವನ ಫೋನಿನಲ್ಲಿ ಕನ್ನಡ ಕನ್ನಡವಾಗಿಯೇ ಇತ್ತು. ಹೀಗೂ ಒಂದು ಕನ್ನಡವಿತ್ತೆಂದು ಅವನು ಕೇಳಿಯೇ ಇರಲಿಲ್ಲ. ಫೋನು ಮಾಡಿದ. "ಮಾವ, ಹಳ್ಳಿ ಅಂತ ಒಂದು ಫೋಲ್ಡರ್ ಇದೆ, ಅದರಲ್ಲಿರೋದೆಲ್ಲ ವೈರಸ್ ಹೊಡೆದು ಹಾಳಾಗಿದೆ. ತೆಗೆದುಬಿಡ್ಲಾ?" ಅಧ್ಯಾಪಕರು ಪರೀಕ್ಷಾ ಕೊಠಡಿಯ ಬಾಗಿಲಲ್ಲಿದ್ದರು. ಪೂರ್ತಿ ಕೇಳಿಸಿಕೊಳ್ಳಲಿಲ್ಲ. "ಹಾಳಾಗಿದ್ದರೆ ಇಟ್ಟುಕೊಂಡು ಏನು ಮಾಡೋದಪ್ಪ, ತೆಗಿ" ಎಂದರು. ಹುಡುಗ ಅಚ್ಚುಕಟ್ಟಿನವನು. ಅಳಿಸಿದ ಮೇಲೆ ಅದೇ ತಂತ್ರಾಂಶದಲ್ಲಿದ್ದ, ಡಿಸ್ಕಿನ ಖಾಲಿ ಜಾಗವನ್ನು ಒರೆಸುವ ಸೌಲಭ್ಯವನ್ನೂ ಬಳಸಿದ. ಅಳಿಸಿದ ಕಡತಗಳನ್ನು ಸಾಮಾನ್ಯವಾಗಿ ಮರಳಿ ಎತ್ತಬಹುದು. ಹಾಗೆ ಒರೆಸಿದ ಮೇಲೆ ಎತ್ತಲು ಏನೂ ಉಳಿಯುವುದಿಲ್ಲ.

ಇಲ್ಲಿ ಸ್ವಲ್ಪ ನಿಂತು ಈ ಸೀಮೆಯ ಹೆಸರುಗಳನ್ನೇ ನೋಡಬೇಕು. ರಾಮನಗರ ಟಿಪ್ಪುವಿನ ಕಾಲದಲ್ಲಿ ಶಂಸೇರಾಬಾದ್ ಆಗಿತ್ತು. ಬಳಿಕ ಮೈಸೂರಿನ ಮೊದಲ ರೆಸಿಡೆಂಟ್ ಬ್ಯಾರಿ ಕ್ಲೋಸ್‌ನ ಹೆಸರಿನಲ್ಲಿ ಕ್ಲೋಸ್‌ಪೇಟೆಯಾಯಿತು. ಇಂದು ಊರಿನ ಯಾವ ಫಲಕದಲ್ಲೂ ಆ ಹೆಸರಿಲ್ಲ. ಆದರೆ ರಾಮದೇವರ ಬೆಟ್ಟದ ಸುಮಾರು 250 ಕೋಟಿ ವರ್ಷ ಹಳೆಯ ಕಲ್ಲನ್ನು ಭೂವಿಜ್ಞಾನಿಗಳು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ಕ್ಲೋಸ್‌ಪೇಟೆ ಎಂಬುದನ್ನು ಸತ್ತ ನಮೂದೆಂದು ಕಿತ್ತುಹಾಕಿದರೆ ಪ್ರಪಂಚದ ಭೂವಿಜ್ಞಾನ ಗ್ರಂಥಗಳಿಂದ ಈ ಬೆಟ್ಟಕ್ಕೆ ಬರುವ ದಾರಿಯೇ ಮುಚ್ಚುತ್ತದೆ. ಕನಕಪುರದ ಸಂಗತಿ ಶಾಸನಾಭ್ಯಾಸಿಗಳಿಗೆ ಇನ್ನೂ ಹತ್ತಿರದ್ದು. ಬಿ. ಎಲ್. ರೈಸರು ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕಾದ 9ನೆಯ ಸಂಪುಟವಾಗಿ 1905ರಲ್ಲಿ ಪ್ರಕಟಿಸಿದಾಗ ಆ ತಾಲೂಕು ಕಾನಕಾನಹಳ್ಳಿ. ಕನಕಪುರ ಎಂದು ಹುಡುಕುವ ಸಂಶೋಧನ ವಿದ್ಯಾರ್ಥಿಗೆ ಆ ಸಂಪುಟ ಮೂಕವಾಗಿಬಿಡುತ್ತದೆ. ಸಂಖ್ಯೆಗಳ ಪಾಡೂ ಇದೇ. ಬುಕ್ಕರಾಯನ ಶಾಸನದ ಬೆಳಗೊಳದ ಪಾಠ ರೈಸರ 1889ರ ಆವೃತ್ತಿಯಲ್ಲಿ 136, ಆರ್. ನರಸಿಂಹಾಚಾರ್ಯರ 1923ರ ಪರಿಷ್ಕೃತ ಆವೃತ್ತಿಯಲ್ಲಿ 344. ಕಲ್ಯದ ಪಾಠ ಮಾಗಡಿ 18. ಹಳೆಯ ಸಂಖ್ಯೆಯನ್ನು ಕಂಸದಲ್ಲಿ ಉಳಿಸಿಕೊಳ್ಳುವ ರೂಢಿ ಸಂಪಾದಕರಲ್ಲಿ ಬಂದದ್ದು ಸುಮ್ಮನೆ ಅಲ್ಲ. ಗ್ರಂಥಸಂಪಾದಕನು ತಿರಸ್ಕರಿಸಿದ ಪಾಠವನ್ನೂ ಅಡಿಟಿಪ್ಪಣಿಯಲ್ಲಿ ಇಡುತ್ತಾನೆ. ಅವನ ತೀರ್ಪು ತಪ್ಪಾಗಿದ್ದರೆ ಮುಂದಿನವನು ಅಲ್ಲಿಂದ ಎತ್ತಿಕೊಳ್ಳಲೆಂದು. 2007ರಲ್ಲಿ ಬೆಂಗಳೂರು ಗ್ರಾಮಾಂತರದಿಂದ ಬೇರ್ಪಟ್ಟು ರಾಮನಗರ ಜಿಲ್ಲೆಯಾದದ್ದು 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆಯಾಯಿತು. ಮುಂದಿನ ಪೀಳಿಗೆಯ ಸಂಶೋಧಕರಿಗೆ ಇದೂ ಒಂದು ಸಮೀಕರಣ.

ಅಧ್ಯಾಪಕರ 'ಹಳ್ಳಿ' ಫೋಲ್ಡರಿನಲ್ಲಿದ್ದುದು ಇಂಥ ಸಮೀಕರಣಗಳ ಪಟ್ಟಿ. ಶಾಸನದ ಹೆಸರು, ಕಂದಾಯ ದಾಖಲೆಯ ಹೆಸರು, ಜನರ ಬಾಯಲ್ಲಿರುವ ಹೆಸರು, ಹೇಳಿದವರ ವಯಸ್ಸು, ಕೇಳಿದ ದಿನ. ಅದು ಕೂಡ ಒಂದು ರಿಜಿಸ್ಟ್ರಿಯೇ.

ಯಂತ್ರದ ವಿಷಯ ಮಾತ್ರ ಸುಲಭವಾಗಿ ಬಗೆಹರಿಯಿತು. ಸೋತು, ಅದನ್ನು ಚನ್ನಪಟ್ಟಣದ ಒಂದು ಸಣ್ಣ ದುರಸ್ತಿ ಅಂಗಡಿಗೆ ಒಯ್ದರು. ಬೊಂಬೆಯ ಅಂಗಡಿಗಳ ಸಾಲಿನ ಹಿಂದಿನ ಬೀದಿಯದು. ಅಂಗಡಿಯ ಯುವಕ ಯಾವ ಕ್ಲೀನರನ್ನೂ ಹಾಕಲಿಲ್ಲ. ವಿಂಡೋಸಿನಲ್ಲೇ ಇರುವ ಟಾಸ್ಕ್ ಮ್ಯಾನೇಜರ್ ತೆರೆದು ತೋರಿಸಿದ: ಡಿಸ್ಕ್ ನೂರಕ್ಕೆ ನೂರು ದುಡಿಯುತ್ತಿತ್ತು, ಎರಡು ಜಿಬಿ ಸ್ಮೃತಿ ತುಂಬಿ ತುಳುಕುತ್ತಿತ್ತು. ಸ್ಮೃತಿ ಸಾಲದೆ ಬಂದಾಗ ಯಂತ್ರ ಡಿಸ್ಕನ್ನೇ ಸ್ಮೃತಿಯಂತೆ ಬಳಸುತ್ತದೆ. ತಿರುಗುವ ತಟ್ಟೆಯ ಹಳೆಯ ಹಾರ್ಡ್ ಡಿಸ್ಕ್ ಆ ಓಟಕ್ಕೆ ಏಗಲಾರದು. ಯಂತ್ರ ಏಳುವಾಗ ತಾವಾಗಿ ಏಳುವ ತಂತ್ರಾಂಶಗಳ ಪಟ್ಟಿಯನ್ನು ಅವನು ಮೊದಲು ತೆರೆದ. ಹದಿನಾಲ್ಕು ಇದ್ದವು, ಮೂರನ್ನು ಉಳಿಸಿದ. ಆ ಹದಿನಾಲ್ಕರಲ್ಲಿ ಎರಡು, ವೇಗ ಹೆಚ್ಚಿಸಲೆಂದು ಹಾಕಿದ ಕ್ಲೀನರುಗಳೇ. ಬಳಿಕ ಸ್ಮೃತಿಯನ್ನು ಎಂಟು ಜಿಬಿಗೆ ಏರಿಸಿ, ಹಳೆಯ ಡಿಸ್ಕಿನಲ್ಲಿದ್ದುದನ್ನೆಲ್ಲ ಇದ್ದ ಹಾಗೆಯೇ ಎಸ್‌ಎಸ್‌ಡಿಗೆ ನಕಲಿಸಿ ಜೋಡಿಸಿದ. ಗುಂಡಿ ಒತ್ತಿದ ಅರ್ಧ ನಿಮಿಷದಲ್ಲಿ ಪರದೆ ಸಿದ್ಧವಾಯಿತು. ರಿಜಿಸ್ಟ್ರಿ ಮೊದಲಿನದೇ, ಅದರಲ್ಲಿ ಉಳಿದಿದ್ದ ಕಸವೂ ಮೊದಲಿನದೇ.

"ರಿಜಿಸ್ಟ್ರಿಗೆ ಕೈ ಹಾಕಿದ್ದು ಯಾಕೆ ಸಾರ್?" ಎಂದು ಯುವಕ ಕೇಳಿದ. ಅಧ್ಯಾಪಕರು ಉತ್ತರ ಹೇಳಲಿಲ್ಲ. ಪೆನ್ ಡ್ರೈವಿನಿಂದ ಫಾಂಟುಗಳನ್ನು ಈ ಬಾರಿ ಯಂತ್ರಕ್ಕೇ ನಕಲಿಸಿ ಸ್ಥಾಪಿಸಿದವನೂ ಅವನೇ. ಬೇರೆ ಫೋಲ್ಡರುಗಳಲ್ಲಿದ್ದ ಪಾಠದ ಟಿಪ್ಪಣಿಗಳು, ಎರಡು ಲೇಖನಗಳು, ಹಳೆಯ ಪ್ರಶ್ನೆಪತ್ರಿಕೆಗಳು ಒಂದೊಂದಾಗಿ ಕನ್ನಡವಾಗಿ ಎದ್ದು ನಿಂತವು. ಆಗಲೇ ಅಧ್ಯಾಪಕರಿಗೆ ಅಕ್ಕನ ಮಗನ ಫೋನು ನೆನಪಾದದ್ದು. ಅಂಗಡಿಯ ಸ್ಟೂಲಿನ ಮೇಲೆ ಬಹಳ ಹೊತ್ತು ಕುಳಿತೇ ಇದ್ದರು. ಹುಡುಗನಿಗೆ ಇದನ್ನು ಅವರು ಇಂದಿಗೂ ಹೇಳಿಲ್ಲ. ಹೇಳಿದರೆ ಅವನು ಪಡುವ ಸಂಕಟ ಅವರಿಗೆ ಗೊತ್ತು; ತೆಗಿ ಎಂದವರು ತಾವೇ ಎಂಬುದೂ ಗೊತ್ತು.

ಪಟ್ಟಿ ಪೂರ್ತಿ ಹೋಗಿಲ್ಲ. ಎಂ.ಎ. ವಿದ್ಯಾರ್ಥಿನಿಯೊಬ್ಬಳಿಗೆ ಕಿರುಪ್ರಬಂಧಕ್ಕೆಂದು ಮಾಗಡಿ, ರಾಮನಗರ ತಾಲೂಕುಗಳ ಭಾಗವನ್ನು ಅಚ್ಚು ಹಾಕಿ ಕೊಟ್ಟಿದ್ದರು. ಅವಳು ಅದನ್ನು ಜೋಪಾನವಾಗಿ ಇಟ್ಟಿದ್ದಳು. ಚನ್ನಪಟ್ಟಣದ್ದು ಹಳೆಯ ನೋಟುಪುಸ್ತಕದಲ್ಲಿ ಅರ್ಧ ಸಿಕ್ಕಿತು. ಕನಕಪುರದ್ದನ್ನು ಅವರು ನೋಟುಪುಸ್ತಕವಿಲ್ಲದೆ, ಲ್ಯಾಪ್‌ಟಾಪನ್ನೇ ಹಳ್ಳಿಗೆ ಒಯ್ದು ನೇರವಾಗಿ ಬೆರಳಚ್ಚಿಸಿದ್ದರು. ಆಗ ಅದೊಂದು ಹೆಮ್ಮೆಯ ಸಂಗತಿ. ಈಗ ಉಳಿದ ಎಲ್ಲ ಕಡತಗಳನ್ನೂ ಪರಿವರ್ತಕದ ಮೂಲಕ ಯೂನಿಕೋಡಿಗೆ ಬದಲಿಸಿ, ಮೂರು ಕಡೆ ಪ್ರತಿ ಇಟ್ಟಿದ್ದಾರೆ. ಪರಿವರ್ತನೆಯಲ್ಲಿ ಅರ್ಕಾವತ್ತುಗಳು ಅಲ್ಲಲ್ಲಿ ತಪ್ಪುತ್ತವೆ. ಸಂಜೆಯ ಹೊತ್ತು ಕುಳಿತು ಕೈಯಲ್ಲಿ ತಿದ್ದುತ್ತಾರೆ. ಹೊಸ ಪಟ್ಟಿಯ ಮೊದಲ ಸಾಲು ಕಲ್ಲೆಹ, ಎದುರಿಗೆ ಕಲ್ಯ.

ಕಳೆದ ಬೇಸಿಗೆಯಲ್ಲಿ ಕನಕಪುರ ತಾಲೂಕಿನ ಹಳ್ಳಿಗಳಿಗೆ ಮತ್ತೆ ಹೋಗತೊಡಗಿದರು. ಹಿಂದೆ ಹೆಸರುಗಳನ್ನು ಹೇಳಿದ ಹಿರಿಯರಲ್ಲಿ ಕೆಲವರು ಇದ್ದರು, ಕೆಲವರು ಇರಲಿಲ್ಲ. ಒಂದು ಊರಿನಲ್ಲಿ, ಹಿಂದೆ ತಾವು ಅರ್ಧ ದಿನ ಕುಳಿತಿದ್ದ ಜಗುಲಿಯ ಮೇಲೆ ಆ ಹಿರಿಯನ ಮಗ ರೇಷ್ಮೆಗೂಡಿನ ಚಂದ್ರಿಕೆಗಳನ್ನು ಒಣಗಲು ಇಡುತ್ತಿದ್ದ. ಕೆರೆಯಾಚೆಯ ಹಾಳೂರಿಗೆ ಏನೆನ್ನುತ್ತಾರೆಂದು ಅಧ್ಯಾಪಕರು ಕೇಳಿದರು. ಅವನು ಕೈಯಲ್ಲಿದ್ದುದನ್ನು ಕೆಳಗಿಟ್ಟು ಆ ಕಡೆಗೆ ಒಮ್ಮೆ ನೋಡಿದ.

"ನಮ್ಮಪ್ಪಂಗೆ ಗೊತ್ತಿತ್ತು ಸಾ. ನಿಮ್ಮಂಗೇ ಯಾರೋ ಒಬ್ಬರು ಮೇಷ್ಟ್ರು ಬಂದಿದ್ದರಂತೆ, ಎಲ್ಲಾನೂ ಬರ್ಕೊಂಡು ಹೋಗವ್ರೆ. ಅವರನ್ನ ಕೇಳಿ ನೋಡಿ."